ಕಲ್ಲುಗೋರಿಗಳು ಮತ್ತು ಸೂರ್ಯ

ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ ದಕ್ಷಿಣ ಭಾರತದ ಜನ ಸತ್ತವರಿಗಾಗಿ ದೊಡ್ಡ ಬಂಡೆ, ಚಪ್ಪಡಿಗಳಿಂದ ಕಟ್ಟಿದ ಸಮಾಧಿಗಳನ್ನು ಕಲ್ಲುಗೋರಿ ಅಥವಾ ಬೃಹತ್ ಶಿಲಾಗೋರಿ ಎನ್ನುತ್ತಾರೆ. ಊರ ಜನರ ಬಾಯಲ್ಲಿ ಇವು ಮೋರೇರ ಮನೆ, ಪಾಂಡವರ ಮನೆ. ಇವುಗಳಲ್ಲಿ ಕೆಲವಕ್ಕೆ ದಿಕ್ಕಿನ ಕಟ್ಟುಪಾಡು ಇದ್ದದ್ದು ಸ್ಪಷ್ಟ. ಆದರೆ ಆ ದಿಕ್ಕು ಸೂರ್ಯೋದಯದ ಒಂದು ನಿರ್ದಿಷ್ಟ ದಿನವನ್ನೇ ಸೂಚಿಸುತ್ತದೆಯೇ ಎಂಬುದು ಅಳತೆಯಿಂದ ತೀರ್ಮಾನವಾಗಬೇಕಾದ ಬೇರೆ ಪ್ರಶ್ನೆ.

ಹರವು
ಕರ್ನಾಟಕದ ಅತ್ಯಂತ ದೊಡ್ಡ ನೆಲೆಗಳಲ್ಲಿ ಒಂದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್. ಇಲ್ಲಿನ ಗುಡ್ಡದ ಮೇಲೆ ಸುಮಾರು 400 ಗೋರಿಗಳಿವೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿ, ಕೆಲವುಗಳ ಮುಂಬದಿಯ ಕಲ್ಲಿನಲ್ಲಿ ಗುಂಡಗೆ ಕೊರೆದ ಕಿಂಡಿ: ಇದು ಇಲ್ಲಿ ಕಾಣುವ ರಚನೆ. ಬಂಡೆಯೊಂದರ ಮೇಲೆ ನಗಾರಿಯ ಆಕಾರದ ದೊಡ್ಡ ಕಲ್ಲೂ ಇದೆ. ಬಡಿದರೆ ಅದರ ಸದ್ದು ದೂರದವರೆಗೆ ಕೇಳಿಸುತ್ತದೆ. 2021ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ರಾಜ್ಯದ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರಂ ಗುಡ್ಡದಲ್ಲೂ ಇಂಥ ಗೋರಿಗಳ ಗುಂಪಿದೆ.

ಅಧ್ಯಯನದ ಇತಿಹಾಸ
ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಜೇವರ್ಗಿ, ರಾಜನಕೋಳೂರು ಕಡೆಯ ಗೋರಿಗಳನ್ನು ಪರಿಶೀಲಿಸಿ ಬರೆದ. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಅಲ್ಲಿಯೇ 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದಾಗ ಗೋರಿಗಳ ಒಳರಚನೆ ವಿವರವಾಗಿ ಬೆಳಕಿಗೆ ಬಂತು. ಎ. ಸುಂದರ 1975ರಲ್ಲಿ ದಕ್ಷಿಣ ಭಾರತದ ಕೋಣೆಗೋರಿಗಳ ಕುರಿತು ಗ್ರಂಥ ಪ್ರಕಟಿಸಿ, ಅವುಗಳ ಬಗೆಗಳನ್ನು ವಿಂಗಡಿಸಿದರು.

ಬ್ರಹ್ಮಗಿರಿಯ ಪೂರ್ವದ ಕಿಂಡಿ
ಬ್ರಹ್ಮಗಿರಿಯ ಗೋರಿಯೆಂದರೆ ನೆಲದೊಳಗೆ ಇಳಿಸಿದ ಕಲ್ಲಿನ ಪೆಟ್ಟಿಗೆ. ನಾಲ್ಕು ಗೋಡೆಗಲ್ಲುಗಳಲ್ಲಿ ಪ್ರತಿಯೊಂದೂ ಪಕ್ಕದ್ದನ್ನು ದಾಟಿ ಮುಂದಕ್ಕೆ ಚಾಚುವಂತೆ ನಿಲ್ಲಿಸಿರುವುದರಿಂದ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಕಾಣುತ್ತದೆ. ಈ ಜೋಡಣೆಯಿಂದ ಹೊರಗಿನ ಮಣ್ಣಿನ ಒತ್ತಡಕ್ಕೆ ಒಂದು ಕಲ್ಲು ಇನ್ನೊಂದಕ್ಕೆ ಆಸರೆಯಾಗಿ, ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಪೂರ್ವದ ಗೋಡೆಗಲ್ಲಿನಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಒಳಗೆ ದೊರೆತದ್ದು ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು. ದೇಹ ಬೇರೆಡೆ ಕರಗಿದ ಮೇಲೆ ಮೂಳೆಗಳನ್ನು ತಂದಿಡುವ ಪದ್ಧತಿ ಇತ್ತೆಂದು ಇದರಿಂದ ತಿಳಿಯುತ್ತದೆ.

ದಿಕ್ಕು ಬೇರೆ, ದಿನ ಬೇರೆ
ಐರ್ಲೆಂಡಿನ ನ್ಯೂಗ್ರೇಂಜ್ ಗೋರಿ ಕ್ರಿ.ಪೂ. 3200ರ ಸುಮಾರಿನದು. ಅದರ ಬಾಗಿಲ ಮೇಲಿನ ಸಂದಿನಿಂದ ಡಿಸೆಂಬರ್ 21ರ ಆಸುಪಾಸಿನ ದಿನಗಳಲ್ಲಿ ಮಾತ್ರ ಉದಯದ ಬಿಸಿಲು ಒಳಕೋಣೆಯವರೆಗೆ ಹಾಯುತ್ತದೆ. ಉತ್ಖನನಕಾರ ಮೈಕೆಲ್ ಓಕೆಲಿ 1967ರಲ್ಲಿ ಒಳಗೆ ನಿಂತು ಇದನ್ನು ಕಂಡರು. ಕರ್ನಾಟಕದ ಪೂರ್ವಾಭಿಮುಖ ಕಿಂಡಿಗಳಿಗೆ ಇದೇ ಮಾತನ್ನು ಅನ್ವಯಿಸುವಂತಿಲ್ಲ. ನಮ್ಮ ಅಕ್ಷಾಂಶದಲ್ಲಿ ವರ್ಷದುದ್ದಕ್ಕೂ ಸೂರ್ಯೋದಯದ ಬಿಂದು ನೇರ ಪೂರ್ವದಿಂದ ಎಡಕ್ಕೂ ಬಲಕ್ಕೂ ಸುಮಾರು 24 ಡಿಗ್ರಿ ಸರಿಯುತ್ತದೆ. ಇಷ್ಟು ಅಗಲದ ಹರವಿನೊಳಗೆ ಎಲ್ಲಿಗೆ ಮುಖ ಮಾಡಿದ ಗೋರಿಗೂ ವರ್ಷದ ಯಾವುದೋ ದಿನ ಸೂರ್ಯ ಎದುರಾಗಿಯೇ ಹುಟ್ಟುತ್ತಾನೆ.

ಸೂರ್ಯನೊಂದಿಗಿನ ನಿಖರ ಹೊಂದಾಣಿಕೆಗೆ ಹೆಚ್ಚು ಬಲವಾದ ಆಧಾರ ದೊರೆತಿರುವುದು ಗೋರಿಗಳಲ್ಲಲ್ಲ, ನಿಲುವುಗಲ್ಲುಗಳಲ್ಲಿ. ಶಿವಮೊಗ್ಗ ಜಿಲ್ಲೆಯ ನಿಲಸ್ಕಲ್‌ನಲ್ಲಿ ಶ್ರೀಕುಮಾರ್ ಎಂ. ಮೆನನ್, ಮಯಾಂಕ್ ವಹಿಯಾ ಮತ್ತು ಕೈಲಾಶ್ ರಾವ್ ಸರ್ವೆ ಮಾಡಿ, ಕೆಲವು ಕಲ್ಲುಜೋಡಿಗಳು ಜೂನ್ ಮತ್ತು ಡಿಸೆಂಬರ್‌ನ ಅಯನ ಬದಲಾಗುವ ದಿನಗಳ ಉದಯಾಸ್ತಗಳ ಕಡೆಗೆ ನೇರವಾಗಿವೆ ಎಂದು 2012ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. ಯಾದಗಿರಿ ಜಿಲ್ಲೆ ಶಹಾಪುರ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳ ಬಗ್ಗೆಯೂ ಇಂಥ ಅಧ್ಯಯನ ನಡೆದಿದೆ.

ನೋಡಲು ಹೋಗುವವರಿಗೆ
ಈ ಹೊಂದಾಣಿಕೆಯನ್ನು ಕಣ್ಣಾರೆ ಪರೀಕ್ಷಿಸಬೇಕೆಂದರೆ ಮಕರ ಸಂಕ್ರಾಂತಿಯಂದು ಹೋದರೆ ಸಾಲದು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ರಂದು. ಜನವರಿ 14ರ ಹೊತ್ತಿಗೆ ಉದಯದ ಬಿಂದು ಸುಮಾರು 2 ಡಿಗ್ರಿ, ಅಂದರೆ ಸೂರ್ಯಬಿಂಬದ ನಾಲ್ಕು ಪಟ್ಟು, ಆಚೆ ಸರಿದಿರುತ್ತದೆ. ಕಳೆದ ಮೂರು ಸಾವಿರ ವರ್ಷಗಳಲ್ಲಿ ಭೂಮಿಯ ಅಕ್ಷದ ಓರೆ ಅರ್ಧ ಡಿಗ್ರಿಯಷ್ಟೂ ಬದಲಾಗಿಲ್ಲವಾದ್ದರಿಂದ ಅಂದಿನವರು ಕಂಡ ಉದಯದ ಸ್ಥಾನವನ್ನು ಇಂದೂ ಹೆಚ್ಚುಕಡಿಮೆ ಅಲ್ಲಿಯೇ ಕಾಣಬಹುದು. ಆದರೆ ಕಲ್ಲು ಒಮ್ಮೆ ಕದಲಿದರೆ ಅದರ ದಿಕ್ಕಿನ ಸಾಕ್ಷ್ಯ ಮತ್ತೆ ಸಿಗುವುದಿಲ್ಲ. ನಿಧಿಯಾಸೆಗೆ ಅಗೆಯುವವರಿಂದ, ಕಲ್ಲುಗಣಿಯಿಂದ ಈ ನೆಲೆಗಳನ್ನು ಕಾಪಾಡುವುದು ಇನ್ನಾವ ಅಧ್ಯಯನಕ್ಕಿಂತ ಮೊದಲು ಆಗಬೇಕಾದ ಕೆಲಸ.