ಯೆರವಡಾದ ಒಂದು ಘಟ್ಟ: ‘ಸಂಸ್ಕಾರ’ದ ಅನುವಾದ ಮತ್ತು ಅದರ ವಿದೇಶೀ ಓದುಗರು

ಒಂದು ಭಾಷೆಯ ಸಮಕಾಲೀನ ಕಥನಸಾಹಿತ್ಯವು ಅನುವಾದಗೊಂಡು ಹೊರದೇಶಗಳಿಗೆ ಹೋದಾಗ ಅದಕ್ಕೆ ಎಂತಹ ಓದುಗರು ದೊರೆಯುತ್ತಾರೆ ಎಂಬುದು ಕೃತಿಯ ಗುಣವೊಂದನ್ನೇ ಅವಲಂಬಿಸಿರುವುದಿಲ್ಲ. ಅದು ಸಾಗಿದ ದಾರಿಯನ್ನೂ ಅವಲಂಬಿಸಿರುತ್ತದೆ. ಸುಮಾರು 55 ಲಕ್ಷ ಜನಸಂಖ್ಯೆಯ ನಾರ್ವೆಯಲ್ಲಿ ಇಂತಹ ಅನುವಾದಗಳಿಗೆ ನೆರವು ನೀಡಲೆಂದೇ 1978ರಲ್ಲಿ ‘ನೋರ್ಲಾ’ ಎಂಬ ಸಂಸ್ಥೆ ಸ್ಥಾಪಿತವಾಯಿತು. 2011ರ ಜನಗಣತಿಯಂತೆ 4.37 ಕೋಟಿ ಜನರ ಮಾತೃಭಾಷೆಯಾದ ಕನ್ನಡದ ದಾರಿ ಬೇರೆ. ಅದರ ಒಂದು ಘಟ್ಟ ಪುಣೆಯ ಯೆರವಡಾ.

ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜು 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಪುನರಾರಂಭವಾಯಿತು. 1950ರ ದಶಕದಲ್ಲಿ ಎಸ್.ಎಂ. ಕತ್ರೆಯವರ ನೇತೃತ್ವದಲ್ಲಿ ಅದು ಆಧುನಿಕ ಭಾಷಾವಿಜ್ಞಾನದ ಪ್ರಮುಖ ಕೇಂದ್ರವಾಗಿತ್ತು. ಆಡುಗನ್ನಡವನ್ನು ಕುರಿತ ವಿಲಿಯಂ ಬ್ರೈಟರ ಗ್ರಂಥವು 1958ರಲ್ಲಿ ಪುಣೆಯಿಂದಲೇ ಪ್ರಕಟವಾಯಿತು. ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರು ಭಾಷಾವಿಜ್ಞಾನದ ಡಿಪ್ಲೊಮಾ ಪಡೆದದ್ದು ಇಲ್ಲಿಯೇ. 1959ರಲ್ಲಿ ಅವರು ಅಮೆರಿಕೆಗೆ ತೆರಳಿದರು. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ಕನ್ನಡದ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಮುಂದೆ ಷಿಕಾಗೊದಲ್ಲಿ ನೆಲೆನಿಂತರು.

ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ರಚಿಸಿದ ‘ಸಂಸ್ಕಾರ’ (1965) ರಾಮಾನುಜನ್ ಅವರ ಅನುವಾದದಲ್ಲಿ 1976ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಅದರ ರಚನೆ ಗಮನಾರ್ಹವಾದುದು. ಶೀರ್ಷಿಕೆಯನ್ನು ಅನುವಾದಿಸದೆ ಉಳಿಸಿಕೊಂಡು, ಸತ್ತವನಿಗೆ ಮಾಡುವ ಕ್ರಿಯೆ ಎಂಬರ್ಥದ ಉಪಶೀರ್ಷಿಕೆಯನ್ನು ಸೇರಿಸಲಾಯಿತು. ಆರಂಭದಲ್ಲಿ ಕಿಟ್ಟೆಲರ ನಿಘಂಟಿನಿಂದ (1894) ಆ ಶಬ್ದದ ಅರ್ಥಗಳನ್ನು ಕೊಡಲಾಯಿತು. ಕೊನೆಯಲ್ಲಿ ಅನುವಾದಕರ ವಿಮರ್ಶಾತ್ಮಕ ಹಿನ್ನುಡಿ ಬಂದಿತು. ನಿಘಂಟಿನಿಂದ ಒಳಹೊಕ್ಕು ವಿವರಣೆಯ ಮೂಲಕ ಹೊರಬರುವ ಈ ಗ್ರಂಥವು ತನ್ನ ಓದುಗನನ್ನು ವಿದ್ಯಾರ್ಥಿಯೆಂದೇ ಭಾವಿಸಿದಂತಿದೆ. ಅದು ಭಾರತೀಯ ಅಧ್ಯಯನದ ತರಗತಿಗಳಿಗೆ ಸಹಜವಾಗಿಯೇ ಸಲ್ಲುವಂತಹುದಾಗಿತ್ತು.

ಈ ಲಾಭದೊಂದಿಗೆ ಒಂದು ನಷ್ಟವೂ ಇದ್ದಿತೆಂದು ನಾವು ಭಾವಿಸುತ್ತೇವೆ. ವಿ.ಎಸ್. ನೈಪಾಲರು 1977ರ ತಮ್ಮ ಭಾರತವಿಷಯಕ ಗ್ರಂಥದಲ್ಲಿ ಪ್ರಾಣೇಶಾಚಾರ್ಯನ ತಳಮಳವನ್ನು ಇಡೀ ಹಿಂದೂ ಮನಸ್ಸಿನ ಕೊರತೆಗೆ ಸಾಕ್ಷಿಯೆಂಬಂತೆ ಗ್ರಹಿಸಿದರು. ಕನ್ನಡದಲ್ಲಿ ನವ್ಯದ ಆತ್ಮಪರೀಕ್ಷೆಯಾಗಿ ಹುಟ್ಟಿ, ವಾದವಿವಾದಗಳಿಗೆ ಒಳಗಾದ ಕೃತಿ ಹೊರಗೆ ಸಮಾಜದ ದಾಖಲೆಯಾಯಿತು. ಸುತ್ತಲಿನ ಬರಹಗಳು ಅನುವಾದಗೊಳ್ಳದೆ ಒಂದೇ ಕೃತಿ ಹೊರಗೆ ಹೋದಾಗ, ಅದು ಒಂದು ನಾಡಿನ ಪರವಾಗಿ ಮಾತನಾಡಬೇಕಾದ ಹೊರೆಯನ್ನು ಹೊರಬೇಕಾಗುತ್ತದೆ.

ಅನಂತರದ ಚರಿತ್ರೆ ಸಮಾಧಾನಕರವಾಗಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ ಹೊರನಾಡಿನ ಸಾಮಾನ್ಯ ಓದುಗರನ್ನೂ ತಲುಪಿತು. ಅದರ ಶೀರ್ಷಿಕೆ ಒಂದು ಮನೆಯವರ ಖಾಸಗಿ ಮಾತಾಗಿದ್ದು, ಕಿಟ್ಟೆಲರಲ್ಲಿ ಹುಡುಕಿದರೂ ಸಿಗುವಂತಹುದಲ್ಲ. ಬಾನು ಮುಷ್ತಾಕರ ಕಥೆಗಳ ದೀಪಾ ಭಾಸ್ತಿಯವರ ಅನುವಾದವು 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು.

ಆದರೂ ‘ಸಂಸ್ಕಾರ’ದ ಪಾಠವನ್ನು ಮರೆಯಲಾಗದು. ಅದನ್ನು ಹೊರದೇಶಕ್ಕೆ ಒಯ್ದದ್ದು ಒಬ್ಬ ವಿದ್ವಾಂಸನ ಶ್ರದ್ಧೆ ಹಾಗೂ ಕನ್ನಡನಾಡಿನ ಹೊರಗಿನ ಸಂಸ್ಥೆಗಳು ನೀಡಿದ ಶಿಕ್ಷಣ. ರಾಜ್ಯದ ಹೊರಗೆ ದುಡಿಯುವ ನಮಗೆ ಇದು ಅಭಿಮಾನದ ವಿಷಯವಷ್ಟೇ ಅಲ್ಲ, ಹೊಣೆಯೂ ಹೌದು. ಪ್ರಶಸ್ತಿ ಪಡೆದ ಕೃತಿಯ ಜೊತೆಗೆ ಅದು ಯಾರೊಡನೆ ವಾದಿಸುತ್ತಿದೆಯೋ ಆ ಬರಹಗಳನ್ನೂ ಅನುವಾದಿಸುವುದು ನಮ್ಮ ಮುಂದಿನ ಕೆಲಸವಾಗಬೇಕಾಗಿದೆ.