ಸಾಕುನಾಯಿಗಳಿಗೆ ಬಾಯಿಕುಕ್ಕೆ: ಆಯ್ಕೆ, ಅಳತೆ ಮತ್ತು ಅಭ್ಯಾಸದ ಕ್ರಮ
(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶ್ವಾನ ಪಾಲಕರಿಗೆ ಮಾಹಿತಿ)

ಪೀಠಿಕೆ

ಸ್ವಭಾವತಃ ಎಷ್ಟೇ ಸಾಧುವಾದ ನಾಯಿಯಾದರೂ ನೋವು ಅಥವಾ ಭಯ ಉಂಟಾದಾಗ ತನ್ನ ಪಾಲಕರನ್ನೇ ಕಚ್ಚುವ ಸಂಭವವಿರುತ್ತದೆ. ರೇಬೀಸ್ ರೋಗವು ಲಕ್ಷಣಗಳು ಕಾಣಿಸಿಕೊಂಡ ನಂತರ ಬಹುತೇಕ ಮಾರಣಾಂತಿಕವಾದುದರಿಂದ ಯಾವ ಕಡಿತವನ್ನೂ ಅಲಕ್ಷಿಸುವಂತಿಲ್ಲ. ಆದುದರಿಂದ ಚಿಕಿತ್ಸೆ, ಲಸಿಕೆ ಹಾಗೂ ಪ್ರಯಾಣದ ಸಂದರ್ಭಗಳಲ್ಲಿ ನಾಯಿಗೆ ಬಾಯಿಕುಕ್ಕೆ ತೊಡಿಸುವುದು ಸೂಕ್ತವಾಗಿರುತ್ತದೆ. ಅಂಗಡಿಗಳಲ್ಲಿ ಇದು ‘ಮಜಲ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ.

ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕದಂತೆ ಕಟ್ಟುವ ಕುಕ್ಕೆಯು ರೈತ ಬಾಂಧವರಿಗೆ ಚಿರಪರಿಚಿತ. ನಾಯಿಯ ಬಾಯಿಕುಕ್ಕೆಯ ತತ್ವವೂ ಅದೇ ಆಗಿದ್ದರೂ ಒಂದು ಮುಖ್ಯ ವ್ಯತ್ಯಾಸವಿದೆ. ನಾಯಿಯು ಎತ್ತಿನಂತೆ ಮೈಯಿಂದ ಬೆವರಿ ತಂಪಾಗಲಾರದು. ಬಾಯಿ ತೆರೆದು, ನಾಲಿಗೆ ಚಾಚಿ, ಏದುಸಿರು ಬಿಡುವುದರಿಂದಲೇ ಅದರ ದೇಹದ ಶಾಖ ಕಡಿಮೆಯಾಗುತ್ತದೆ. ಬಾಯಿಯನ್ನು ಬಿಗಿದು ಕಟ್ಟಿದಲ್ಲಿ, ವಿಶೇಷವಾಗಿ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ, ಶಾಖಾಘಾತದಿಂದ ನಾಯಿಯು ಮರಣ ಹೊಂದಬಹುದು. ಬಾಯಿಕುಕ್ಕೆಯ ಆಯ್ಕೆಯಲ್ಲಿ ಗಮನಿಸಬೇಕಾದ ಮೊದಲ ಅಂಶ ಇದೇ ಆಗಿದೆ.

1. ಬಾಯಿಕುಕ್ಕೆ ಅವಶ್ಯವಿರುವ ಸಂದರ್ಭಗಳು

• ಪಶುವೈದ್ಯ ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಗಾಯದ ಶುಶ್ರೂಷೆ, ಉಗುರು ಕತ್ತರಿಸುವಿಕೆ ಇತ್ಯಾದಿ.
• ಈ ಹಿಂದೆ ಮನುಷ್ಯರನ್ನು ಅಥವಾ ಇತರ ಪ್ರಾಣಿಗಳನ್ನು ಕಚ್ಚಿರುವ ನಾಯಿಯನ್ನು ಹೊರಗೆ ಕರೆದೊಯ್ಯುವಾಗ.
• ಕುರಿ, ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಡೆಸುವಾಗ. ಬನ್ನೂರು ಕುರಿಗಳ ತವರಾದ ತಿ. ನರಸೀಪುರ ತಾಲ್ಲೂಕಿನಲ್ಲಿ ಇದು ಗಮನಾರ್ಹ.
• ಬೀದಿಯಲ್ಲಿ ಬಿದ್ದಿರುವ ಮೂಳೆ, ಹಳಸಿದ ಆಹಾರಗಳನ್ನು ತಿನ್ನುವ ಅಭ್ಯಾಸವಿರುವ ನಾಯಿಗೆ.

2. ಬಾಯಿಕುಕ್ಕೆ ತೊಡಿಸಬಾರದ ಸಂದರ್ಭಗಳು

• ಬೊಗಳುವುದನ್ನು ನಿಲ್ಲಿಸಲು ಅಥವಾ ಶಿಕ್ಷೆಯಾಗಿ ಬಳಸತಕ್ಕದ್ದಲ್ಲ.
• ವಾಂತಿ, ಉಸಿರಾಟದ ತೊಂದರೆ ಅಥವಾ ಪ್ರಜ್ಞಾಹೀನತೆ ಇರುವ ನಾಯಿಗೆ ತೊಡಿಸತಕ್ಕದ್ದಲ್ಲ.
• ಒಂಟಿಯಾಗಿ ಬಿಟ್ಟ ಅಥವಾ ಕಟ್ಟಿಹಾಕಿದ ನಾಯಿಗೆ ತೊಡಿಸತಕ್ಕದ್ದಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗಿನ ಅವಧಿಯಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದುದು ಸಾರ್ವಜನಿಕರಿಗೆ ತಿಳಿದ ವಿಷಯ. ನಾಯಿಯು ಚಿರತೆಗೆ ಸುಲಭದ ಬೇಟೆ. ಬಾಯಿಕುಕ್ಕೆ ತೊಟ್ಟು ಅಂಗಳದಲ್ಲಿ ಕಟ್ಟಿರುವ ನಾಯಿಯು ತಪ್ಪಿಸಿಕೊಳ್ಳಲೂ ಆಗದು, ಎದುರಿಸಲೂ ಆಗದು. ರಾತ್ರಿ ವೇಳೆ ಬಾಯಿಕುಕ್ಕೆಯನ್ನು ತೆಗೆದು ನಾಯಿಯನ್ನು ಬಾಗಿಲಿರುವ ಭದ್ರವಾದ ಜಾಗದಲ್ಲಿ ಇರಿಸುವುದು.
• ಬೀದಿನಾಯಿಗಳಿಗೆ ತೊಡಿಸತಕ್ಕದ್ದಲ್ಲ. ತೆಗೆಯುವವರಿಲ್ಲದೆ ಅವು ಅನ್ನ ನೀರಿಲ್ಲದೆ ಸಾಯುತ್ತವೆ. ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕಾ ಕಾರ್ಯವು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಸ್ಥಳೀಯ ಸಂಸ್ಥೆಗಳ ಹೊಣೆಯಾಗಿರುತ್ತದೆ.

3. ಬಾಯಿಕುಕ್ಕೆಯ ವಿಧಗಳು

ಅ) ಬುಟ್ಟಿ ಮಾದರಿ: ಪ್ಲಾಸ್ಟಿಕ್, ತಂತಿ, ರಬ್ಬರ್ ಅಥವಾ ಚರ್ಮದ ಪಟ್ಟಿಗಳಿಂದ ತಯಾರಿಸಿರುತ್ತಾರೆ. ಸರಿಯಾದ ಅಳತೆಯದಾದಲ್ಲಿ ನಾಯಿಯು ಇದರೊಳಗೆ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ನಡಿಗೆ ಮತ್ತು ಪ್ರಯಾಣಕ್ಕೆ ಈ ಮಾದರಿಯೇ ಯೋಗ್ಯ. ತಂತಿಯದು ಬಿಸಿಲಿನಲ್ಲಿ ಕಾಯುವುದರಿಂದ ಮುಟ್ಟಿ ನೋಡಿ ತೊಡಿಸುವುದು.

ಆ) ಬಟ್ಟೆ ಅಥವಾ ನೈಲಾನ್ ಮಾದರಿ: ಕೊಳವೆಯಂತಿದ್ದು ಬಾಯಿಯನ್ನು ಮುಚ್ಚಿ ಹಿಡಿಯುತ್ತದೆ. ಬೆಲೆ ಕಡಿಮೆ ಎಂಬ ಕಾರಣಕ್ಕೆ ಅನೇಕರು ಇದನ್ನೇ ಖರೀದಿಸುತ್ತಾರೆ. ಆದರೆ ಇದನ್ನು ಚುಚ್ಚುಮದ್ದು ಕೊಡುವಂತಹ ಕೆಲವೇ ನಿಮಿಷಗಳ ಕೆಲಸಕ್ಕೆ ಮಾತ್ರ, ನೆರಳಿನಲ್ಲಿ, ಪಾಲಕರ ಕಣ್ಣೆದುರಿನಲ್ಲಿ ಬಳಸತಕ್ಕದ್ದು. ಇದನ್ನು ತೊಡಿಸಿ ನಡಿಗೆಗೆ ಕರೆದೊಯ್ಯತಕ್ಕದ್ದಲ್ಲ.

ಇ) ತುರ್ತು ಕಟ್ಟು: ಅಪಘಾತವಾದಾಗ ಬೇರೇನೂ ದೊರೆಯದಿದ್ದಲ್ಲಿ ಸುಮಾರು ಒಂದು ಮೀಟರ್ ಉದ್ದದ ಬ್ಯಾಂಡೇಜ್ ಅಥವಾ ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಮೂತಿಯ ಸುತ್ತ ಹಾಕಿ, ಗದ್ದದ ಕೆಳಗೆ ತಂದು, ಕಿವಿಗಳ ಹಿಂದೆ ಎಳೆದೊಡನೆ ಬಿಚ್ಚಿಕೊಳ್ಳುವ ಗಂಟು ಹಾಕುವುದು. ಬಾಯಿಗೆ ಪೆಟ್ಟಾಗಿದ್ದಲ್ಲಿ ಇದನ್ನು ಕಟ್ಟಬಾರದು. ಆಸ್ಪತ್ರೆ ತಲುಪಿದ ಕೂಡಲೇ ಬಿಚ್ಚತಕ್ಕದ್ದು.

ಪಗ್ ಮುಂತಾದ ಚಪ್ಪಟೆ ಮೂತಿಯ ತಳಿಗಳಿಗೆ ಮೇಲಿನ ಮಾದರಿಗಳು ನಿಲ್ಲುವುದಿಲ್ಲ. ಅವುಗಳಿಗೆ ಮುಖವನ್ನೇ ಆವರಿಸುವ ಜಾಲರಿ ಮಾದರಿ ದೊರೆಯುತ್ತದೆ. ಇಂತಹ ತಳಿಗಳಿಗೆ ಉಸಿರಾಟದ ತೊಂದರೆ ಸಹಜವಾದುದರಿಂದ ಪಶುವೈದ್ಯರ ಸಲಹೆ ಪಡೆಯುವುದು. ನಮ್ಮ ರಾಜ್ಯದ ಮುಧೋಳ ತಳಿಯ ನಾಯಿಗೆ ತಲೆ ಕಿರಿದು, ಮೂತಿ ನೀಳ. ಸಾಮಾನ್ಯ ಅಳತೆಯ ಕುಕ್ಕೆ ಜಾರುತ್ತದೆ. ಅಂತಹ ನಾಯಿಗೆ ಹಣೆಯ ಮೇಲೆ ಹಾಯುವ ಪಟ್ಟಿ ಇರುವುದನ್ನೇ ಆರಿಸುವುದು.

4. ಅಳತೆ ತೆಗೆಯುವ ಕ್ರಮ

ದರ್ಜಿಯ ಟೇಪಿನಿಂದ ಈ ಕೆಳಕಂಡ ಅಳತೆಗಳನ್ನು ತೆಗೆದು, ಬರೆದುಕೊಂಡು ಅಂಗಡಿಗೆ ಹೋಗುವುದು.

1) ಉದ್ದ: ಕಣ್ಣುಗಳಿಗಿಂತ ಸ್ವಲ್ಪ ಮುಂದಿನಿಂದ ಮೂಗಿನ ತುದಿಯವರೆಗೆ. ಕುಕ್ಕೆಯು ಇದಕ್ಕಿಂತ ಸುಮಾರು 1 ಸೆಂ.ಮೀ. ಹೆಚ್ಚಿರಬೇಕು.
2) ಸುತ್ತಳತೆ: ಮೂತಿಯ ಅತಿ ದಪ್ಪ ಭಾಗದಲ್ಲಿ. ಬುಟ್ಟಿ ಮಾದರಿಗೆ ನಾಯಿಯು ಏದುಸಿರು ಬಿಡುತ್ತಿರುವಾಗ, ಅಂದರೆ ಬಾಯಿ ತೆರೆದಿರುವಾಗ ಅಳೆಯತಕ್ಕದ್ದು.
3) ಎತ್ತರ: ಬಾಯಿ ತೆರೆದಿರುವಾಗ ಮೂತಿಯ ಮೇಲ್ಭಾಗದಿಂದ ಗದ್ದದ ಕೆಳಗಿನವರೆಗೆ.
4) ಕುತ್ತಿಗೆ: ಕಿವಿಗಳ ಹಿಂಭಾಗದಲ್ಲಿ ಸುತ್ತಳತೆ.

ತೊಡಿಸಿದ ನಂತರ ಮೂಗಿನ ತುದಿ ಕುಕ್ಕೆಗೆ ತಾಗಬಾರದು, ಅಂಚು ಕಣ್ಣಿಗೆ ಉಜ್ಜಬಾರದು, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಬೇಕು. ಮುಂಗಾಲಿನಿಂದ ಕಿತ್ತರೂ ಕಳಚದಂತಿರಬೇಕು. ನಾಯಿಯು ಬೆಳೆಯುವ ವಯಸ್ಸಿನದಾಗಿದ್ದಲ್ಲಿ ತಿಂಗಳಿಗೊಮ್ಮೆ ಮರು ಅಳತೆ ಮಾಡುವುದು.

5. ಅಭ್ಯಾಸ ಮಾಡಿಸುವ ಕ್ರಮ

ಖರೀದಿಸಿದ ದಿನವೇ ಬಲವಂತವಾಗಿ ತೊಡಿಸಿದಲ್ಲಿ ನಾಯಿಯು ಮುಂದೆಂದೂ ಅದನ್ನು ಸಹಿಸದಂತಾಗಬಹುದು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಐದು ನಿಮಿಷ ಮೀರದಂತೆ, ಎರಡು ಮೂರು ವಾರಗಳ ಕಾಲ ಅಭ್ಯಾಸ ಮಾಡಿಸುವುದು. ಬಹುಮಾನವಾಗಿ ಬೇಯಿಸಿದ ಮೊಟ್ಟೆಯ ಚೂರು, ಮೂಳೆಯಿಲ್ಲದ ಕೋಳಿಮಾಂಸ ಅಥವಾ ಮೊಸರನ್ನು ಉಪಯೋಗಿಸಬಹುದು. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷಕಾರಿ.

ಹಂತ 1: ಕುಕ್ಕೆಯನ್ನು ನೆಲದ ಮೇಲಿಟ್ಟು, ನಾಯಿಯು ಮೂಸಿದ ಕೂಡಲೇ ತಿನಿಸು ಕೊಡುವುದು.
ಹಂತ 2: ಕುಕ್ಕೆಯನ್ನು ಬಟ್ಟಲಿನಂತೆ ಹಿಡಿದು ಒಳಗೆ ತಿನಿಸು ಇಡುವುದು. ನಾಯಿಯೇ ಮೂತಿಯನ್ನು ಒಳಗೆ ತೂರಿಸಬೇಕು. ಕುಕ್ಕೆಯನ್ನು ನಾಯಿಯ ಕಡೆಗೆ ಒತ್ತಬಾರದು.
ಹಂತ 3: ಮೂತಿ ಒಳಗಿರುವಾಗ ತಿನಿಸನ್ನು ಒಂದೊಂದಾಗಿ ಕೊಡುತ್ತಾ ಅವಧಿಯನ್ನು 5, 10, 20 ಸೆಕೆಂಡುಗಳಿಗೆ ಹೆಚ್ಚಿಸುವುದು.
ಹಂತ 4: ಪಟ್ಟಿಯನ್ನು ಕಿವಿಗಳ ಹಿಂದೆ ಹಿಡಿದು ಬಿಡುವುದು; ನಂತರದ ದಿನಗಳಲ್ಲಿ ಬಕಲ್ ಹಾಕಿ ತಕ್ಷಣ ತೆಗೆಯುವುದು.
ಹಂತ 5: ಬಕಲ್ ಹಾಕಿ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಸುವುದು, ಕ್ರಮೇಣ ಅಂಗಳ, ಅನಂತರ ತಂಪಾದ ಬೆಳಗಿನ ವೇಳೆಯಲ್ಲಿ ಬೀದಿ.

ನಾಯಿಯು ಕಾಲಿನಿಂದ ಕುಕ್ಕೆಯನ್ನು ಕೆರೆದಲ್ಲಿ ಗದರಿಸದೆ, ನಡೆಸಿ ಗಮನ ಬೇರೆಡೆಗೆ ಸೆಳೆಯುವುದು. ಹೆದರಿ ಒದ್ದಾಡಿದಲ್ಲಿ ಕೂಡಲೇ ತೆಗೆದು, ಮರುದಿನ ಹಿಂದಿನ ಹಂತದಿಂದ ಪ್ರಾರಂಭಿಸುವುದು. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಕುಕ್ಕೆ ತೊಡಿಸಿದಲ್ಲಿ ನಾಯಿಯು ಅದನ್ನು ಸೂಜಿಯ ಮುನ್ಸೂಚನೆಯೆಂದೇ ತಿಳಿಯುತ್ತದೆ. ಆದುದರಿಂದ ವಾರಕ್ಕೆ ಒಂದೆರಡು ಬಾರಿ ನಡಿಗೆಯ ಸಮಯದಲ್ಲಿಯೂ ತೊಡಿಸುವುದು.

6. ಕಾನೂನಿನ ಅಂಶಗಳು

ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಪ್ರಾಣಾಪಾಯ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 291ರಂತೆ ಅಪರಾಧವಾಗಿದ್ದು, ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅದೇ ರೀತಿ ಪ್ರಾಣಿಗೆ ಅನಗತ್ಯ ಯಾತನೆ ಉಂಟುಮಾಡುವುದು, ಸಾಕಷ್ಟು ಆಹಾರ ನೀರು ಒದಗಿಸದಿರುವುದು ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಕಲಂ 11ರಂತೆ ಅಪರಾಧ. 23 ತಳಿಗಳ ನಾಯಿಗಳನ್ನು ನಿಷೇಧಿಸುವ ಕೇಂದ್ರದ ಮಾರ್ಚ್ 2024ರ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿದೆ. ತಳಿ ಯಾವುದೇ ಇದ್ದರೂ ನಾಯಿಯನ್ನು ಹತೋಟಿಯಲ್ಲಿಡುವ ಹೊಣೆ ಪಾಲಕರದ್ದೇ ಆಗಿರುತ್ತದೆ.

7. ನಾಯಿ ಕಚ್ಚಿದಲ್ಲಿ

ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರು ಸೂಚಿಸಿದ ಎಲ್ಲಾ ಚುಚ್ಚುಮದ್ದುಗಳನ್ನು ತಪ್ಪದೆ ಪಡೆಯುವುದು. ಕಚ್ಚಿದ ನಾಯಿಯನ್ನು ಕೊಲ್ಲದೆ 10 ದಿನ ನಿಗಾದಲ್ಲಿಡುವುದು. ಜೊಲ್ಲು ಸುರಿಸುವ, ಕಾರಣವಿಲ್ಲದೆ ಕಚ್ಚಲು ಬರುವ ಅಥವಾ ದವಡೆ ಜೋತುಬಿದ್ದಿರುವ ನಾಯಿಗೆ ಬಾಯಿಕುಕ್ಕೆ ತೊಡಿಸಲು ಸ್ವತಃ ಪ್ರಯತ್ನಿಸದೆ, ಸಾಧ್ಯವಾದಲ್ಲಿ ಬಾಗಿಲು ಹಾಕಿ ಪ್ರತ್ಯೇಕಿಸಿ, ಪಶುವೈದ್ಯಾಧಿಕಾರಿಗಳಿಗೆ ತಿಳಿಸುವುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಯಿಕುಕ್ಕೆ ಇದ್ದಲ್ಲಿ ರೇಬೀಸ್ ಲಸಿಕೆ ಅವಶ್ಯವೇ?
ಉತ್ತರ: ಅವಶ್ಯ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ನಂತರ ಪಶುವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ ಹಾಕಿಸಿ, ಲಸಿಕಾ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಪ್ರಶ್ನೆ: ಎಷ್ಟು ಹೊತ್ತು ತೊಡಿಸಬಹುದು?
ಉತ್ತರ: ಅಭ್ಯಾಸವಾದ ನಾಯಿಗೆ ಬುಟ್ಟಿ ಮಾದರಿಯನ್ನು ನಡಿಗೆ ಅಥವಾ ಪ್ರಯಾಣದ ಅವಧಿಗೆ, ನಡುವೆ ಬಿಡುವು ಮತ್ತು ನೀರು ಕೊಟ್ಟು ತೊಡಿಸಬಹುದು. ಮನೆಗೆ ಬಂದ ಕೂಡಲೇ ತೆಗೆಯತಕ್ಕದ್ದು.

ಪ್ರಶ್ನೆ: ನಂಜನಗೂಡಿನ ದೊಡ್ಡ ಜಾತ್ರೆಗೆ ಅಥವಾ ತಿರುಮಕೂಡಲಿನ ಕುಂಭಮೇಳಕ್ಕೆ ಬಾಯಿಕುಕ್ಕೆ ತೊಡಿಸಿ ನಾಯಿಯನ್ನು ಕರೆದೊಯ್ಯಬಹುದೇ?
ಉತ್ತರ: ಸೂಕ್ತವಲ್ಲ. ಜನದಟ್ಟಣೆ, ವಾದ್ಯಗಳ ಶಬ್ದ ಮತ್ತು ಕಾದ ನೆಲದಿಂದ ನಾಯಿಯು ಗಾಬರಿಗೊಳ್ಳುತ್ತದೆ. ಕಚ್ಚಲಾಗದಿದ್ದರೂ ಮೇಲೆರಗಿ ಮಕ್ಕಳನ್ನು, ವೃದ್ಧರನ್ನು ಬೀಳಿಸಬಹುದು. ಮನೆಯಲ್ಲಿಯೇ ನೆರಳು, ನೀರು ಒದಗಿಸಿ ಬಿಟ್ಟುಬರುವುದು.

ಹೆಚ್ಚಿನ ಮಾಹಿತಿಗಾಗಿ ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಯನ್ನು ಅಥವಾ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು. ಆಸ್ಪತ್ರೆಗೆ ಬರುವಾಗ ನಾಯಿಯ ಲಸಿಕಾ ಪುಸ್ತಕವನ್ನು ತರುವುದು ಹಾಗೂ ಕಚ್ಚುವ ಸ್ವಭಾವವಿದ್ದಲ್ಲಿ ಸಿಬ್ಬಂದಿಗೆ ಮುಂಚಿತವಾಗಿಯೇ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.