ಒಂಬತ್ತು ವರ್ಷ ಬಿಟ್ಟು ಮರಳಿದ ಸಿಐಡಿ 999

ಜೇಮ್ಸ್ ಬಾಂಡ್ ಸಿನಿಮಾ ಶುರುವಾದದ್ದು 1962ರಲ್ಲಿ. ಆರು ವರ್ಷ ಕಳೆಯುವಷ್ಟರಲ್ಲಿ ಕನ್ನಡಕ್ಕೂ ಒಬ್ಬ ಗೂಢಚಾರ ಸಿಕ್ಕ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್ ಆದರು. ನಿರ್ದೇಶನ ದೊರೈ-ಭಗವಾನ್ ಜೋಡಿಯದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಎರಡು ವರ್ಷದಲ್ಲಿ ಮೂರು ಸಿನಿಮಾ, ಮೂರೂ ಕಪ್ಪು-ಬಿಳುಪು.

ಕೇಶ್ವಾಪುರದಲ್ಲಿ ನಾವು ಗೆಳೆಯರು ಕೂಡಿ ಇವನ್ನು ಸಾಲಾಗಿ ನೋಡಿದೆವು. ಮೊದಲನೆಯದರ ಹುರುಪು ಮೂರನೆಯದರಲ್ಲಿ ಇಲ್ಲ ಎಂದು ನಮಗನಿಸಿತು. ಕಳ್ಳರ ಅಡಗುತಾಣ, ವೇಷ ಬದಲು, ಹೊಡೆದಾಟ ಎಲ್ಲ ಮೊದಲೇ ಗೊತ್ತಾಗುತ್ತದೆ. ಆಮೇಲೆ ಸರಣಿ ಒಂಬತ್ತು ವರ್ಷ ಸುಮ್ಮನಾಯಿತು.

ಆದರೆ ಅದನ್ನು ಕಟ್ಟಿದವರು ಸುಮ್ಮನೆ ಕೂರಲಿಲ್ಲ. ದೊರೈ-ಭಗವಾನ್ 1971ರಲ್ಲಿ ‘ಕಸ್ತೂರಿ ನಿವಾಸ’, 1974ರಲ್ಲಿ ‘ಎರಡು ಕನಸು’ ಮಾಡಿದರು. ಮನೆ, ಮಾನ, ಮನಸ್ಸಿನ ಕಥೆ ಹೇಳುವುದು ಅವರಿಗೆ ಕೈಗೂಡಿತು. ರಾಜ್‌ಕುಮಾರ್ 1972ರ ‘ಬಂಗಾರದ ಮನುಷ್ಯ’ದಲ್ಲಿ ಹೊಲ ಹಸನು ಮಾಡುವ ರಾಜೀವನಾಗಿ ಹಳ್ಳಿ ಹಳ್ಳಿಗೆ ಹತ್ತಿರವಾದರು. ಆ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಪತ್ತೇದಾರಿ ಕಾದಂಬರಿಗಳಿಗೂ ಹೆಸರಾದವರು. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್ ಗಾಯಕರಾಗಿಯೂ ನೆಲೆನಿಂತರು.

1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ಈ ಗಳಿಕೆಯೆಲ್ಲ ಕೂಡಿಬಂತು. ತೆರೆಗೆ ಬಣ್ಣ ಬಂದಿತ್ತು, ಕಥೆ ನೇಪಾಳಕ್ಕೆ ಹೋಗಿತ್ತು. ಮೊದಲು ಪ್ರಕಾಶನ ಹಾಡುಗಳಿಗೆ ಪಿ.ಬಿ. ಶ್ರೀನಿವಾಸ್ ದನಿ ಇತ್ತು. ಈ ಸಲ ರಾಜ್ ತಾವೇ ಹಾಡಿದರು. ಅದರ ಇಂಗ್ಲಿಷ್ ಹಾಡು ಇವತ್ತಿಗೂ ನಿಮ್ಮ ಮೊಬೈಲಿಗೆ ಬರುತ್ತಿರುತ್ತದೆ.

ಇದು ಬಾಂಡ್‌ನ ನಕಲು ಎನ್ನುವವರಿದ್ದಾರೆ. ಸೂತ್ರ ಹೊರಗಿನದು, ನಿಜ. ಆದರೆ ಪ್ರಕಾಶ್ ಕೋಟು ಹಾಕಿದರೂ ನಮ್ಮ ಮನೆಮಗನ ಹಾಗೆ ಕಾಣುತ್ತಾನೆ. ಊರ ಜನ ಅವನನ್ನು ಒಪ್ಪಿದ್ದು ಪಿಸ್ತೂಲಿಗಲ್ಲ, ಆ ನಂಬಿಕೆಗೆ.

ಸರಣಿ ಆ ನಾಲ್ಕಕ್ಕೇ ನಿಂತಿತು. ಅದರ ನೆನಪು ನಿಲ್ಲಲಿಲ್ಲ: 2019ರ ‘ಬೆಲ್ ಬಾಟಂ’ ಆ ಕಾಲದ ಪತ್ತೇದಾರಿಕೆಯನ್ನೇ ನಗುತ್ತ ನೆನೆಯಿತು. ಇತಿಹಾಸ ನಮಗೆ ಹೇಳುವುದು ಇಷ್ಟು: ಒಂದೇ ಹೊಲದಲ್ಲಿ ಒಂದೇ ಬೆಳೆ ತೆಗೆಯುತ್ತ ಹೋದರೆ ನೆಲ ಸೊರಗುತ್ತದೆ. ನಡುವೆ ಬೇರೆ ಬೆಳೆ ಬಂದದ್ದಕ್ಕೇ 999 ಮತ್ತೆ ಹುಲುಸಾಗಿ ಬಂತು.